ರೋಮ್‌ಗೆ ಎರಡು ಸಲ

ಇವತ್ತೆಲ್ಲಾ ಬಾಬ್ ಪೇಸ್ಲಿಯವರದೇ ನೆನಪು. 1939ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ಗೆ ಆಟಗಾರನಾಗಿ ಸೇರಿದರು, ಅಷ್ಟರಲ್ಲಿ ಯುದ್ಧ ಬಂತು. ಫಿರಂಗಿ ದಳದಲ್ಲಿ ಉತ್ತರ ಆಫ್ರಿಕಾದ ಮರಳುಗಾಡು, ಆಮೇಲೆ ಇಟಲಿ. 1944ರಲ್ಲಿ ರೋಮ್ ಬಿಡುಗಡೆಯಾದಾಗ ಟ್ಯಾಂಕ್ ಮೇಲೆ ಊರೊಳಗೆ ಬಂದವರು. 1977ರ ಮೇ ತಿಂಗಳಲ್ಲಿ ಅದೇ ರೋಮ್‌ಗೆ ಲಿವರ್‌ಪೂಲ್ ಕೋಚ್ ಆಗಿ ಹೋದರು, 3-1ರಲ್ಲಿ ಗೆದ್ದು ಯುರೋಪಿಯನ್ ಕಪ್ ತಂದರು. ಎಂಥಾ ಬದುಕು ಅಲ್ವಾ!

ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರ 1968ರ ಒಂದು ಫೋಟೋ. ಆಗಿನ್ನೂ ಅವರು ಲಿವರ್‌ಪೂಲ್‌ನ ಅಂದಿನ ಕೋಚ್ ಬಿಲ್ ಶ್ಯಾಂಕ್ಲಿಯವರ ಸಹಾಯಕ. ಪೆಟ್ಟಾದ ಆಟಗಾರ ಎಮ್ಲಿನ್ ಹ್ಯೂಸ್‌ನನ್ನು ಉಪ್ಪುಮೂಟೆ ಹೊತ್ತುಕೊಂಡು ಮೈದಾನದಿಂದ ಬರುತ್ತಿದ್ದಾರೆ. ಸುಮ್ನೆ ನೋಡುತ್ತಾ ಕೂತುಬಿಟ್ಟೆ. ಸ್ಟ್ರೆಚರ್‌ಗೂ ಕಾಯದೆ ಹೆಗಲು ಕೊಟ್ಟ ಹಾಗೆ ಕಾಣುತ್ತದೆ. ಒಂಬತ್ತು ವರ್ಷದ ನಂತರ ರೋಮ್‌ನಲ್ಲಿ ಕ್ಯಾಪ್ಟನ್ ಆಗಿ ಆ ಕಪ್ ಎತ್ತಿದ್ದು ಅದೇ ಹುಡುಗ.