ಬೊರೊ ಮ್ಯಾಚ್‌ಗೆ ಹೊರಟವರಿಗೆ: ಬೆಂಗಳೂರಿನಿಂದ ಸಾಲ್ಟ್ ಲೇಕ್‌ವರೆಗೆ

ಮೊದಲ ಸಲ ಹೋದಾಗ ಪಂದ್ಯವೇ ನಡೆಯಲಿಲ್ಲ. ಕೋಲ್ಕತ್ತ ಡರ್ಬಿ, ಅಂದರೆ ಆ ಊರಿನ ಎರಡು ಹಳೆಯ ಫುಟ್‌ಬಾಲ್ ಕ್ಲಬ್‌ಗಳಾದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಪಂದ್ಯ, ನೋಡಲು ಹೊರಡುವವರು ಮೊದಲು ತಿಳಿದಿರಬೇಕಾದದ್ದು ಇದನ್ನೇ ಆದ್ದರಿಂದ ಇಲ್ಲಿಂದಲೇ ಆರಂಭಿಸುತ್ತೇನೆ.

2024ರ ಆಗಸ್ಟ್ 18ರ ಭಾನುವಾರ ಡುರಾಂಡ್ ಕಪ್ ಟೂರ್ನಿಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಸೆಣಸಬೇಕಿತ್ತು. ನಾನು ಶನಿವಾರ ಬೆಳಿಗ್ಗೆಯೇ ಊರು ತಲುಪಿದ್ದೆ. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯ ವಿರುದ್ಧ ಇಡೀ ನಗರ ಬೀದಿಗಿಳಿದಿದ್ದ ದಿನಗಳವು. ಭದ್ರತೆಯ ಕಾರಣಕ್ಕೆ ಪಂದ್ಯ ರದ್ದಾಯಿತು. ಹಣ ಮರಳಿಸದ ಕರಾರಿನ ಮೇಲೆ ಕೋಣೆ ಹಿಡಿದಿದ್ದೆ, ತಪ್ಪು ನನ್ನದೇ. ಭಾನುವಾರ ಸಂಜೆ ಸುಮ್ಮನೆ ಕುಳಿತಿರಲಾಗದೆ ಸಾಲ್ಟ್ ಲೇಕ್ ಕ್ರೀಡಾಂಗಣದ ಕಡೆ ನಡೆದೆ. ಎರಡೂ ತಂಡಗಳ ಅಭಿಮಾನಿಗಳು, ಜೊತೆಗೆ ನಗರದ ಮೂರನೆಯ ಹಳೆಯ ಕ್ಲಬ್ ಮೊಹಮ್ಮಡನ್ ಸ್ಪೋರ್ಟಿಂಗ್‌ನವರು, ನ್ಯಾಯ ಕೇಳುತ್ತಾ ಬೈಪಾಸ್ ರಸ್ತೆಯಲ್ಲಿ ಒಟ್ಟಿಗೆ ನಿಂತಿದ್ದರು. ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಅಂಗಿಯವನೊಬ್ಬ ಬಾಗಾನ್‌ನ ಹಸಿರು-ಮರೂನ್ ಅಂಗಿಯವನನ್ನು ಹೆಗಲ ಮೇಲೆ ಹೊತ್ತು ಘೋಷಣೆ ಕೂಗುತ್ತಿದ್ದ. ಪೊಲೀಸರು ಲಾಠಿ ಬೀಸಿದಾಗ ಎಲ್ಲರ ಜೊತೆ ನಾನೂ ಓಡಿದೆ. ಪಂದ್ಯ ನೋಡಲಿಲ್ಲ ಎಂಬ ಬೇಸರ ಆ ಸಂಜೆಯ ಮಟ್ಟಿಗೆ ಮರೆತೇ ಹೋಗಿತ್ತು.

ಆದ್ದರಿಂದ ಪಂದ್ಯ ನಡೆಯುತ್ತದೆ ಎಂಬ ಖಾತ್ರಿಯಾಗುವವರೆಗೆ ಕೋಣೆಗೆ ಪೂರ್ತಿ ಹಣ ಕಟ್ಟಬೇಡಿ. ನನಗಾದದ್ದು ಅಪರೂಪದ ಸಂದರ್ಭವೆಂದುಕೊಂಡರೆ, 2025ರ ಜನವರಿ 11ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಡರ್ಬಿ ಗಂಗಾಸಾಗರ ಮೇಳದ ಕಾರಣಕ್ಕೆ ಗುವಾಹಟಿಗೆ ಸ್ಥಳಾಂತರವಾಯಿತು. ಪೊಲೀಸರೆಲ್ಲ ಮೇಳದ ಬಂದೋಬಸ್ತಿನಲ್ಲಿದ್ದರು. ಕೋಲ್ಕತ್ತಕ್ಕೆ ವಿಮಾನದ ಟಿಕೆಟ್ ಕೊಂಡಿಟ್ಟವರ ಪಾಡು ಊಹಿಸಿಕೊಳ್ಳಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್ ಎಂದಿನಂತೆ ಆರಂಭವಾಗಲೂ ಇಲ್ಲ. ಭಾರತದ ಫುಟ್‌ಬಾಲ್ ಅಭಿಮಾನಿಗೆ ಕ್ಯಾಲೆಂಡರ್ ಪಂಚಾಂಗವಿದ್ದಂತೆ: ನಂಬಬೇಕು, ಆದರೆ ಛತ್ರಿಯನ್ನೂ ಹಿಡಿದಿರಬೇಕು.

ಎರಡನೆಯ ಸಲ ಹೋದದ್ದು 2024ರ ಅಕ್ಟೋಬರ್ 19ರ ಶನಿವಾರದ ಐಎಸ್‌ಎಲ್ ಪಂದ್ಯಕ್ಕೆ. ಈ ಸಲ ಹೆಂಡತಿಯ ತಮ್ಮನೂ ಜೊತೆಗಿದ್ದ. ಅವನಿಗೆ ಆಟವೆಂದರೆ ಕ್ರಿಕೆಟ್ ಮಾತ್ರ. ಈಡನ್ ಗಾರ್ಡನ್ಸ್ ತೋರಿಸುತ್ತೇನೆಂದು ಆಸೆ ಹಚ್ಚಿ ಕರೆದುಕೊಂಡು ಹೋದೆ. ದುರ್ಗಾಪೂಜೆ ಆಗಷ್ಟೇ ಮುಗಿದಿತ್ತು. ಹಬ್ಬಕ್ಕೆ ಊರಿಗೆ ಹೋದ ಬೆಂಗಳೂರಿನ ಬಂಗಾಳಿಗಳು ಮರಳುವ ಹೊತ್ತಾದ್ದರಿಂದ ಹೋಗುವ ವಿಮಾನದಲ್ಲಿ ಸೀಟು ಸುಲಭವಾಗಿ ಸಿಕ್ಕಿತು, ಬರುವಾಗಿನ ದರ ಮಾತ್ರ ಜೇಬು ಸುಟ್ಟಿತು. ಪೂಜೆಯ ಆಸುಪಾಸಿನಲ್ಲಿ ಹೋಗುವವರು ಮೊದಲು ಮರಳುವ ಟಿಕೆಟ್ ಮಾಡಿಸಿ. ರೈಲಿನಲ್ಲಿ ಹಾವ್ಡಾಕ್ಕೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ರಜೆ ಇದ್ದು, ಒಡಿಶಾದ ಚಿಲಿಕಾ ಸರೋವರದ ಅಂಚನ್ನು ಕಿಟಕಿಯಲ್ಲಿ ನೋಡುವ ಆಸೆಯಿದ್ದರೆ ರೈಲೇ ಸರಿ.

ವಾಸ್ತವ್ಯಕ್ಕೆ ಎಲ್ಲರೂ ಪಾರ್ಕ್ ಸ್ಟ್ರೀಟ್ ಎನ್ನುತ್ತಾರೆ. ಪಂದ್ಯಕ್ಕೆಂದೇ ಹೋಗುವವರಿಗೆ ನನ್ನ ಸಲಹೆ ಸಿಯಾಲ್ದಾ ಸುತ್ತಮುತ್ತ. ಗದ್ದಲದ ಜಾಗ, ಕೋಣೆಗಳೂ ಅಂಥ ಚೆಂದವಿಲ್ಲ. ಆದರೆ ಅಲ್ಲಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಫೂಲ್‌ಬಾಗಾನ್ ದಾಟಿದರೆ ಮುಂದಿನದೇ ಸಾಲ್ಟ್ ಲೇಕ್ ಸ್ಟೇಡಿಯಂ ನಿಲ್ದಾಣ. ನಾವು ಹೋದಾಗ ಎಸ್ಪ್ಲನೇಡ್ ಮತ್ತು ಸಿಯಾಲ್ದಾ ನಡುವಿನ ಸುರಂಗ ಇನ್ನೂ ತೆರೆದಿರಲಿಲ್ಲ. 2025ರ ಆಗಸ್ಟ್‌ನಿಂದ ಹಾವ್ಡಾ ಮೈದಾನದಿಂದ ಹೂಗ್ಲಿ ನದಿಯ ಅಡಿಯಲ್ಲೇ ಹಾದು ನೇರವಾಗಿ ಕ್ರೀಡಾಂಗಣ ತಲುಪಬಹುದು. ಹಾಗಾಗಿ ಈಗ ಹೋಗುವವರಿಗೆ ಆಯ್ಕೆ ಹೆಚ್ಚು.

ಇನ್ನು ಟಿಕೆಟ್ ವಿಷಯ. ಇಲ್ಲಿ ಟಿಕೆಟ್ ಕೊಳ್ಳುವುದೆಂದರೆ ಪಕ್ಷ ಹಿಡಿಯುವುದು. ಎರಡೂ ತಂಡಗಳಿಗೆ ಗ್ಯಾಲರಿ ಬೇರೆ, ಗೇಟು ಬೇರೆ. ‘ಎರಡೂ ತಂಡ ಇಷ್ಟ, ಆಟ ನೋಡಲು ಬಂದೆ’ ಎಂಬ ಮಾತಿಗೆ ಕೋಲ್ಕತ್ತದಲ್ಲಿ ಯಾರೂ ಮರುಳಾಗುವುದಿಲ್ಲ. ಮೋಹನ್ ಬಾಗಾನ್ 1889ರ ಕ್ಲಬ್. 1911ರ ಜುಲೈ 29ರಂದು ಹೆಚ್ಚಿನವರು ಬರಿಗಾಲಿನಲ್ಲೇ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ತಂಡ. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ. ದೇಶ ವಿಭಜನೆಯಾದಾಗ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರು ಹೊಸ ಊರಿನಲ್ಲಿ ನೆಚ್ಚಿಕೊಂಡದ್ದು ಅದನ್ನು. ಈ ಕಡೆಯವರು ‘ಘಟಿ’, ಆ ಕಡೆಯಿಂದ ಬಂದವರು ‘ಬಾಂಗಾಲ್’. ಬಾಗಾನ್ ಗೆದ್ದರೆ ಮನೆಯಲ್ಲಿ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು. ಅಲ್ಲಿಯವರು ಈ ಪಂದ್ಯವನ್ನು ಡರ್ಬಿ ಎನ್ನುವುದಕ್ಕಿಂತ ‘ಬೊರೊ ಮ್ಯಾಚ್’, ಅಂದರೆ ದೊಡ್ಡ ಪಂದ್ಯ, ಎನ್ನುವುದೇ ಹೆಚ್ಚು.

ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. 2013ರಲ್ಲಿ ಕ್ಲಬ್ ಶುರುವಾಗಿ ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಾಗಿನಿಂದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿದುಕೊಂಡವನು. ಬಾಗಾನ್‌ನ ಟಿಕೆಟ್ ಕೊಳ್ಳಲು ಕೈ ಬರಲಿಲ್ಲ, ಈಸ್ಟ್ ಬೆಂಗಾಲ್ ಕಡೆಯ ಟಿಕೆಟ್ ಕೊಂಡೆ. 2024ರ ಐಎಸ್‌ಎಲ್ ಋತುವಿನಲ್ಲಿ ಅಲ್ಲಿಯವರೆಗೆ ಅವರು ಆಡಿದ ನಾಲ್ಕೂ ಪಂದ್ಯ ಸೋತಿದ್ದರು. ಸೋತವರ ಜೊತೆ ನಿಲ್ಲುವುದು ಒಳ್ಳೆಯದೆಂಬ ಲೆಕ್ಕಾಚಾರ. ಆ ನಾಲ್ಕು ಸೋಲುಗಳಲ್ಲಿ ಮೊದಲನೆಯದು ಬೆಂಗಳೂರಿನ ಕಂಠೀರವದಲ್ಲಿ, ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಆದದ್ದು ಎಂಬುದು ತಲೆಗೆ ಹೊಳೆದದ್ದು ಗೇಟಿನ ಮುಂದೆ ನಿಂತಾಗ.

ಪಂದ್ಯದ ದಿನ ಬೆಳಿಗ್ಗೆಯನ್ನು ಮೈದಾನಕ್ಕೆ ಮೀಸಲಿಡಿ. ಮೈದಾನವೆಂದರೆ ನಗರದ ನಡುವಿನ ಆ ವಿಶಾಲ ಬಯಲು. ಮೂರು ಹಳೆಯ ಕ್ಲಬ್‌ಗಳ ಅಂಗಳಗಳು ಅಲ್ಲೇ ಇವೆ, ಕ್ಲಬ್ ಕಟ್ಟಡವನ್ನು ಈಗಲೂ ‘ಟೆಂಟ್’ ಎಂದೇ ಕರೆಯುತ್ತಾರೆ. ಈಡನ್ ಗಾರ್ಡನ್ಸ್ ಕೂಡ ಪಕ್ಕದಲ್ಲೇ ಇರುವುದರಿಂದ ಭಾವಮೈದುನನಿಗೆ ಕೊಟ್ಟ ಮಾತೂ ಉಳಿಯಿತು. ಗೇಟಿನ ಹೊರಗೆ ನಿಂತು ಒಂದು ಫೋಟೊ ತೆಗೆಸಿಕೊಂಡು, ‘ಭಾವ, ಇನ್ನು ನಿಮ್ಮ ಫುಟ್‌ಬಾಲ್ ನೋಡೋಣ’ ಎಂದ, ದೊಡ್ಡ ಉಪಕಾರ ಮಾಡುವವನಂತೆ. ಜರ್ಸಿ ಬೇಕಿದ್ದರೆ ಎಸ್ಪ್ಲನೇಡ್ ಬಳಿಯ ಮೈದಾನ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತದೆ. ಚೌಕಾಸಿ ಮಾಡಲು ಸಂಕೋಚ ಬೇಡ. ತಿನ್ನುವುದಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ: ಬೆಳಿಗ್ಗೆ ಕಚೂರಿ ಇಲ್ಲವೆ ಲೂಚಿ ಮತ್ತು ಆಲೂ ದಮ್, ಸಂಜೆ ಸಾಸಿವೆ ಎಣ್ಣೆಯ ಘಾಟಿನ ಝಾಲ್‌ಮುರಿ, ನಡುನಡುವೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಝಾಲ್‌ಮುರಿ ನಮ್ಮ ಮಂಡಕ್ಕಿ ಖಾರದ ದಾಯಾದಿ. ಯಾವುದು ಮೇಲು ಎಂದು ದಾವಣಗೆರೆಯವರನ್ನು ಕೇಳಬೇಡಿ, ಜಗಳವಾಗುತ್ತದೆ.

ರಾತ್ರಿ ಏಳೂವರೆಯ ಪಂದ್ಯಕ್ಕೆ ಐದು ಗಂಟೆಗೆಲ್ಲ ಗೇಟಿನ ಬಳಿ ಇರಿ. ತಪಾಸಣೆ ಒಂದಾದ ಮೇಲೊಂದು. ಚೀಲ, ನೀರಿನ ಬಾಟಲಿ, ಬೆಂಕಿಪೊಟ್ಟಣ ಒಯ್ಯುವಂತಿಲ್ಲ. ನನ್ನ ಪವರ್ ಬ್ಯಾಂಕನ್ನೂ ತಡೆದರು. ಚಹಾದಂಗಡಿಯ ಅಜ್ಜನೊಬ್ಬನ ಬಳಿ ಬಿಟ್ಟುಹೋದೆ, ಬರುವಾಗ ಜೋಪಾನವಾಗಿ ಕೊಟ್ಟ. ಎಲ್ಲರಿಗೂ ಅಂಥ ಅಜ್ಜ ಸಿಗುವನೆಂಬ ಭರವಸೆಯಿಲ್ಲ, ಕೋಣೆಯಲ್ಲೇ ಬಿಟ್ಟು ಬನ್ನಿ.

ಒಳಗೆ ಹೋದ ಮೇಲೆ ಮೊದಲ ಕೆಲವು ನಿಮಿಷ ಮಾತೇ ಹೊರಡಲಿಲ್ಲ. ಕಂಠೀರವದಲ್ಲಿ ಅಥ್ಲೆಟಿಕ್ ಟ್ರ್ಯಾಕ್ ನಮ್ಮನ್ನೂ ಆಟವನ್ನೂ ದೂರ ಮಾಡುತ್ತದೆ ಎಂದು ಗೊಣಗುವವನು ನಾನು. ಇಲ್ಲೂ ಟ್ರ್ಯಾಕ್ ಇದೆ, ಆದರೆ ಗ್ಯಾಲರಿಯ ಸದ್ದು ಆ ಅಂತರವನ್ನು ನುಂಗಿಬಿಡುತ್ತದೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗಾಗಿ ಕುರ್ಚಿಗಳನ್ನು ಹಾಕಿದ ಮೇಲೆ ಇಲ್ಲಿ ಸುಮಾರು 68 ಸಾವಿರ ಜನ ಕೂರಬಹುದು. ಅದಕ್ಕೂ ಮುಂಚೆ, 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸೇರಿದ್ದವರು 1,31,781 ಮಂದಿ. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲ್ ಬಾಗಾನ್ ವಿರುದ್ಧ 4–1ರಿಂದ ಗೆದ್ದ ಪಂದ್ಯವದು. ನನ್ನ ಬಲಕ್ಕೆ ಕೂತಿದ್ದ ಹಿರಿಯರು ಅಂದು ಬಂದಿದ್ದರಂತೆ. ‘ಆಗ ಕುರ್ಚಿ ಎಲ್ಲಿತ್ತು? ಮೊಣಕಾಲೇ ಕುರ್ಚಿ’ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಅವರ ಜೊತೆಗೆ ಮಗ, ಮೊಮ್ಮಗಳು. ಮೂವರಿಗೂ ಒಂದೇ ಬಣ್ಣದ ಅಂಗಿ.

ಊರು ಯಾವುದೆಂದು ಕೇಳಿದರು. ಬೆಂಗಳೂರು ಎಂದೆ. ಸೆಪ್ಟೆಂಬರಿನ ಸೋಲಿನ ಮಾತು ಬರುತ್ತದೆಂದು ಮೈ ಬಿಗಿ ಹಿಡಿದಿದ್ದೆ. ‘ನಿಮ್ಮವರು ಬಾಗಾನ್‌ಗೆ ಮೂರು ಗೋಲು ಹೊಡೆದರಲ್ಲ’ ಎಂದು ಮಗ ಕೈ ಕುಲುಕಿದ. ನಿಜ, ಬೆಂಗಳೂರು ಆ ತಿಂಗಳು ಎರಡೂ ತಂಡಗಳನ್ನು ಸೋಲಿಸಿತ್ತು. ಒಂದನ್ನು ನೆನಪಿಟ್ಟು ಇನ್ನೊಂದನ್ನು ಮರೆಯುವ ಔದಾರ್ಯ ಅವನದು. ನಾನು ಸುನಿಲ್ ಚೆಟ್ರಿಯ ಹೆಸರೆತ್ತಿದೆ. 2002ರಲ್ಲಿ ಬಾಗಾನ್‌ನಿಂದ ಆಟ ಶುರು ಮಾಡಿ, ಈಸ್ಟ್ ಬೆಂಗಾಲ್‌ಗೂ ಆಡಿ, ಬೆಂಗಳೂರಿನವರೇ ಆಗಿಹೋದವರು, ಕೋಲ್ಕತ್ತದ ಅಳಿಯ. ಆ ಜೂನ್‌ನಲ್ಲಿ ಕುವೈತ್ ವಿರುದ್ಧ ದೇಶಕ್ಕಾಗಿ ವಿದಾಯದ ಪಂದ್ಯ ಆಡಿದ್ದೂ ಇದೇ ಅಂಗಳದಲ್ಲಿ. ಮಾತಿನ ಕೊಂಡಿ ಸಿಕ್ಕಿತೆಂದುಕೊಂಡೆ. ಹಿರಿಯರು ತಲೆಯಾಡಿಸಿ, ‘ಚೆಟ್ರಿ ಸರಿ. ನಿಮ್ಮ ಊರಿನಿಂದ ಬಂದವರೆಂದರೆ ಅಹ್ಮದ್ ಖಾನ್’ ಎಂದರು.

ನನಗೆ ಆ ಹೆಸರು ಎಲ್ಲೋ ಓದಿದ ನೆನಪು, ಅಷ್ಟೇ. ಅವರು ಬೆರಳು ಮಡಿಸುತ್ತಾ ಹೇಳಿದರು: ಅಹ್ಮದ್ ಖಾನ್, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈಸ್ಟ್ ಬೆಂಗಾಲ್‌ನ ಮುಂಚೂಣಿಯಲ್ಲಿ ಆಡಿದ ‘ಪಂಚ ಪಾಂಡವರು’. ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಈ ಹಿರಿಯರು ಕೂಡ ಅವರ ಆಟ ನೋಡಿದವರಲ್ಲ, ಅಪ್ಪ ಹೇಳಿದ್ದನ್ನು ಕೇಳಿ ಬೆಳೆದವರು. ಅವರ ಮೊಮ್ಮಗಳಿಗೂ ಐದು ಹೆಸರು ಬಾಯಿಪಾಠ. ನಾನೋ, ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆಯ ಮುಂದೆ ಎಷ್ಟೋ ಸಲ ಫೋಟೊ ತೆಗೆಸಿಕೊಂಡವನು.

ನಮ್ಮ ಊರಿನಲ್ಲಿ ಫುಟ್‌ಬಾಲ್ ಬೆಳೆಯುತ್ತಿದೆ ಎಂದು ಖುಷಿಪಡುತ್ತೇವೆ, ಸುಳ್ಳಲ್ಲ. ಬಡಾವಣೆಗೊಂದರಂತೆ ಗಂಟೆ ಲೆಕ್ಕದ ಬಾಡಿಗೆಯ ಟರ್ಫ್ ಅಂಗಳಗಳು ಎದ್ದಿವೆ. ಶನಿವಾರ ರಾತ್ರಿ ಇಂಗ್ಲೆಂಡಿನ ಪಂದ್ಯ ನೋಡಲು ನಿದ್ದೆಗೆಡುವ ಹುಡುಗ ಹುಡುಗಿಯರು ಪ್ರತಿ ಬೀದಿಯಲ್ಲಿದ್ದಾರೆ. ಆದರೆ ಮೈಸೂರು ರಾಜ್ಯ ತಂಡ ಸ್ವಾತಂತ್ರ್ಯಕ್ಕೂ ಮುಂಚೆಯೇ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು, 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಅದನ್ನು ಮತ್ತೆ ತಂದದ್ದು 1969ರ ಗೆಲುವಿನ 54 ವರ್ಷಗಳ ಮೇಲೆ. ಆ ವಾರ ನನ್ನ ಕಚೇರಿಯಲ್ಲಿ ಆ ಬಗ್ಗೆ ಮಾತಾಡಿದವರು ಇಬ್ಬರೇ, ಒಬ್ಬ ನಾನು. ನಮ್ಮ ಹೊಸ ಅಭಿಮಾನಕ್ಕೆ ಅಜ್ಜನಿಲ್ಲ. ಇದ್ದ ಅಜ್ಜನನ್ನು ನಾವು ಮರೆತಿದ್ದೇವೆ ಎಂದರೆ ಹೆಚ್ಚು ಸರಿ.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. 41ನೆಯ ನಿಮಿಷದಲ್ಲಿ ಮನ್ವೀರ್ ಸಿಂಗ್ ಬಲಗಡೆಯಿಂದ ತಳ್ಳಿದ ಚೆಂಡನ್ನು ಜೇಮಿ ಮ್ಯಾಕ್ಲಾರೆನ್ ಬಲೆಗೆ ಸೇರಿಸಿದರು. ಕೊನೆಯಲ್ಲಿ ಪೆನಾಲ್ಟಿಯಿಂದ ಡಿಮಿಟ್ರಿ ಪೆಟ್ರಾಟೊಸ್ ಇನ್ನೊಂದು ಹೊಡೆದರು. ಈಸ್ಟ್ ಬೆಂಗಾಲ್‌ಗೆ ಸತತ ಐದನೆಯ ಸೋಲು. ಎದುರಿನ ಗ್ಯಾಲರಿ ಹಸಿರು-ಮರೂನ್ ಅಲೆಯಾಗಿ ಎದ್ದಾಗ ನಮ್ಮ ಕಡೆ ಕಡಲೆಕಾಯಿ ಸಿಪ್ಪೆಯ ಸದ್ದೂ ಕೇಳುವಷ್ಟು ಮೌನ. ಭಾವಮೈದುನನ ಮುಖ ನೋಡಿದೆ. ಅವನು ಮೊಮ್ಮಗಳ ಕೈಯಿಂದ ಪುಟ್ಟ ಬಾವುಟ ಇಸಿದುಕೊಂಡು ಬೀಸುತ್ತಿದ್ದ. ಆಫ್‌ಸೈಡ್ ಎಂದರೇನೆಂದು ಮಾತ್ರ ಅವನಿಗೆ ಇಂದಿಗೂ ಗೊತ್ತಿಲ್ಲ.

ಶಿಳ್ಳೆ ಊದಿದ ತಕ್ಷಣ ಏಳಬೇಡಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ಗಲಭೆ, ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. ಇಂದಿನ ವ್ಯವಸ್ಥೆ ಎಷ್ಟೋ ಮೇಲು, ಆದರೂ ಮೆಟ್ಟಿಲುಗಳ ಬಳಿ ಮೊದಲ ಹತ್ತು ನಿಮಿಷ ಎದೆ ಬಿಗಿಯುವಷ್ಟು ಒತ್ತಡ. ಅರ್ಧ ಗಂಟೆ ಕುಳಿತು ಹೊರಡಿ. ಹೊರಗೆ ಬಾಡಿಗೆ ಕಾರು ಸಿಗುತ್ತದೆಂಬ ಆಸೆ ಬಿಡಿ. ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆಂದು ಒಳಗೆ ಹೋಗುವ ಮುಂಚೆಯೇ ನಿಲ್ದಾಣದಲ್ಲಿ ಕೇಳಿಕೊಂಡಿರಿ. ತಪ್ಪಿದರೆ ಫೂಲ್‌ಬಾಗಾನ್ ಕಡೆ ನಡೆದುಬಿಡಿ, ಇಡೀ ರಸ್ತೆ ನಿಮ್ಮ ಜೊತೆ ನಡೆಯುತ್ತಿರುತ್ತದೆ. ಒಂದೇ ಎಚ್ಚರ: ಸೋತ ತಂಡದ ಅಂಗಿಯಲ್ಲಿದ್ದರೆ ಗೆದ್ದವರ ಗುಂಪಿನ ನಡುವೆ ಸಿಕ್ಕಿಕೊಳ್ಳಬೇಡಿ. ಹೊಡೆತವೇನೂ ಬೀಳುವುದಿಲ್ಲ, ಹಾಡು ಕಟ್ಟಿ ಗೇಲಿ ಮಾಡುತ್ತಾರೆ. ನಮಗೆ ಬಂಗಾಳಿ ಬಾರದ್ದು ಆ ರಾತ್ರಿ ಒಳ್ಳೆಯದೇ ಆಯಿತು.

ಮರಳುವ ಟಿಕೆಟ್ ಮರುದಿನ ಬೆಳಿಗ್ಗೆಗೇ ಮಾಡಿಸಬೇಡಿ. ಭಾನುವಾರ ಬೆಳಿಗ್ಗೆ ಮಾನಿಕ್‌ತಲಾ ಮಾರುಕಟ್ಟೆಗೆ ಹೋಗಿ. ನಾವು ಹೋದಾಗ ಸಿಗಡಿಯ ಬುಟ್ಟಿಗಳ ಮುಂದೆ ಸಾಲು. ಇಲಿಶ್ ಮಾರುತ್ತಿದ್ದವನು ನನ್ನ ಭಾವಮೈದುನನ ಕೆಂಪು-ಹಳದಿ ಅಂಗಿ ನೋಡಿ ಹತ್ತಿರ ಕರೆದ. ಏನೂ ಹೇಳಲಿಲ್ಲ. ಬೆನ್ನು ತಟ್ಟಿ, ಒಂದು ಮೀನನ್ನು ಎತ್ತಿ ತೋರಿಸಿ, ಮತ್ತೆ ಐಸಿನ ಮೇಲೆ ಮಲಗಿಸಿದ.