ಮ್ಯಾಮತ್ ಹಿಡಿಯ ಚಾಕು

ಹಳೇ ಚಾಕುವಿಗೆ ಬೆಲೆ ಕೇಳಲು ಬರುವವರು ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಅಮೆರಿಕದ ಯಾರೋ ಅದೇ ಮೇಕರಿನ ಕೈಕೆಲಸದ ಪೀಸಿಗೆ 2,400 ಡಾಲರ್ ಅಂತ ನೆಟ್ಟಿನಲ್ಲಿ ಹಾಕಿರುತ್ತಾನೆ, ಇವರು ಅದರ ಸ್ಕ್ರೀನ್‌ಶಾಟ್ ಹೊಡೆದು ತಂದಿರುತ್ತಾರೆ. ಅವನು ಹಾಕಿ ಎಷ್ಟು ಕಾಲವಾಯಿತು, ಅದು ಹೋಯಿತೋ ಇನ್ನೂ ಕೂತಿದೆಯೋ, ಯಾರೂ ನೋಡುವುದಿಲ್ಲ. ನಾನು ಶಿರಸಿ ಕಡೆಯವನು, ಈ ರೋಗ ನನಗೆ ಹೊಸತಲ್ಲ. ಟೆಂಡರಿನ ಮರುದಿನ ರಾಶಿ ಅಡಿಕೆಯ ಗರಿಷ್ಠ ದರ ಊರೆಲ್ಲರ ಬಾಯಲ್ಲಿರುತ್ತದೆ. ನಮ್ಮ ಚೀಲಕ್ಕೆ ಬಿದ್ದದ್ದು ಸರಾಸರಿ ದರ ಅನ್ನುವುದನ್ನು ಮಾತ್ರ ಯಾವ ಅಪ್ಪಯ್ಯನೂ ಬಾಯಿ ಬಿಟ್ಟು ಹೇಳುವುದಿಲ್ಲ.

ಕಾರವಾರದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಬೆಲೆ ಕಟ್ಟುವ ಕೆಲಸ ನನ್ನದು. ವಾಚು, ಪೆನ್ನು, ಕ್ಯಾಮೆರಾ, ದುರ್ಬೀನು. ಹಡಗಿನಿಂದ ರಿಟೈರಾಗಿ ಬಂದವರು, ಗಲ್ಫ್ ಬಿಟ್ಟು ಬಂದವರು, ಐಎನ್ಎಸ್ ಕದಂಬ ನೌಕಾನೆಲೆಯಿಂದ ಟ್ರಾನ್ಸ್‌ಫರ್ ಆಗಿ ಹೊರಟವರು, ಇವರೇ ನಮ್ಮ ಗಿರಾಕಿಗಳು. ಮಡಚುವ ಚಾಕು ಅಪರೂಪಕ್ಕೆ ಬರುತ್ತದೆ, ಬಂದರೆ ಒಳ್ಳೆಯದೇ ಬರುತ್ತದೆ. ಹಡಗಿನವರು ಬಂದರು ಬಂದರಿನಲ್ಲಿ ಇಂಥದ್ದಕ್ಕೆ ದುಡ್ಡು ಸುರಿದಿರುತ್ತಾರೆ.

ಆದರೆ ನಮ್ಮ ಸಾಫ್ಟ್‌ವೇರಿನಲ್ಲಿ ಚಾಕುವಿಗೆ ಇರುವ ಜಾಗ ಒಂದೇ: 'ಅಡುಗೆ ಸಾಮಾನು'. ಮೊಬೈಲ್ ಅಂಗಡಿಗೆಂದು ಮಾಡಿದ್ದ ಸಾಫ್ಟ್‌ವೇರನ್ನು ಮಾಲಕರು ಅಗ್ಗಕ್ಕೆ ಸಿಕ್ಕಿತೆಂದು ತಂದು ಕೂರಿಸಿದ್ದಾರೆ. ಬಿಲ್ಲಿನ ಬೆಲೆ ಹಾಕಿದರೆ ವರ್ಷಕ್ಕಿಷ್ಟು ಅಂತ ಕಳೆದು ತಾನೇ ದರ ಹೇಳುತ್ತದೆ. ಆರ್ಡರ್ ಪುಸ್ತಕ ಮುಚ್ಚಿ ಕೂತ ಮೇಕರಿನ ಕೈಕೆಲಸದ ಚಾಕು ಹತ್ತು ವರ್ಷದಲ್ಲಿ ದುಪ್ಪಟ್ಟಾಗಬಹುದು ಅನ್ನುವುದು ಅದಕ್ಕೂ ತಿಳಿಯದು, ಮಾಲಕರಿಗೂ ತಿಳಿಯದು. "ಸಿಸ್ಟಮ್ ಏನ್ ಹೇಳ್ತದೆ ಹೆಗಡೇರೇ?" ಅಂತ ಕೇಳುತ್ತಾರೆ. ಸಿಸ್ಟಮ್ ಏನೋ ಹೇಳುತ್ತದೆ. ನಾನು ಬೇರೆ ಹೇಳುತ್ತೇನೆ. ಲಾಭ ಬಂದರೆ ಸಿಸ್ಟಮಿನದು, ನಷ್ಟ ಬಂದರೆ ಹೆಗಡೆಯದು.

2024ರ ಮಳೆಗಾಲ. ಆಗಸ್ಟಿನಲ್ಲಿ ಹಳೇ ಕಾಳಿ ಸೇತುವೆ ಕುಸಿದು, ಸದಾಶಿವಗಡದ ಕಡೆಯ ಓಡಾಟವೆಲ್ಲ ಉಳಿದ ಒಂದೇ ಸೇತುವೆಯ ಮೇಲೆ ಬಿದ್ದಿತ್ತು. ಅಲ್ಲಿಂದಲೇ ಬಂದಿದ್ದರು ಈ ಸರ್. ಹಡಗಿನಲ್ಲಿ ಚೀಫ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೇಳಿದ ಹೊತ್ತಿಗಿಂತ ಬಹಳ ತಡವಾಗಿ, ಅರ್ಧ ನೆನೆದು ಬಂದು, ಜಿಪ್ ಇರುವ ಚರ್ಮದ ಚೀಲವನ್ನು ಕೌಂಟರ್ ಮೇಲಿಟ್ಟು, "ನೋಡು ತಮಾ, ಗಡಿಬಿಡಿ ಇಲ್ಲ" ಅಂದರು. ಗಡಿಬಿಡಿ ಇದ್ದದ್ದು ನಮ್ಮ ಮಾಲಕರಿಗೆ. ಅವರಿಗೆ ಮಧ್ಯಾಹ್ನ ಅಂಕೋಲೆಯಲ್ಲಿ ಮದುವೆ ಊಟ.

ಲೈನರ್ ಲಾಕ್ ಚಾಕು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ಈಗಿನ ರೂಪಕ್ಕೆ ತಂದ ಲಾಕ್ ಅದು: ಅಲಗು ಪೂರ್ತಿ ತೆರೆದೊಡನೆ ಒಳಗಿನ ಲೋಹದ ಪಟ್ಟಿ ಸಿಡಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ನಾನು ಮೊದಲು ನೋಡುವುದು ಅಲ್ಲೇ. ಪಟ್ಟಿ ಬುಡದ ಅರ್ಧದೊಳಗೆ ನಿಂತರೆ ಇನ್ನೂ ಆಯುಸ್ಸಿದೆ, ಆಚೆ ಬದಿಯ ಲೈನರಿಗೆ, ಅಂದರೆ ಹಿಡಿಯೊಳಗಿನ ಲೋಹದ ತಗಡಿಗೆ, ತಾಗುವಷ್ಟು ಸರಿದಿದ್ದರೆ ಸವೆದಿದೆ. ಇದು ಅರ್ಧಕ್ಕಿಂತ ಈಚೆಗೇ ಇತ್ತು. ಮಡಚಿ ಬೆಳಕಿಗೆ ಹಿಡಿದೆ, ಅಲಗು ಎರಡು ಲೈನರುಗಳ ನಟ್ಟನಡುವೆ. ತೆರೆದು ಮೇಲೆ ಕೆಳಗೆ ಒತ್ತಿದೆ, ಅಲುಗಾಟವಿಲ್ಲ. ಅಡ್ಡಕ್ಕೆ ಕೂದಲೆಳೆಯಷ್ಟು ಇತ್ತು, ಅದು ಪಿವಟ್, ಅಂದರೆ ಅಲಗು ತಿರುಗುವ ಅಚ್ಚಿನ ಸ್ಕ್ರೂ, ಬಿಗಿ ಮಾಡಿದರೆ ಹೋಗುವಂಥದ್ದು.

ಆಮೇಲೆ ಸ್ಕ್ರೂಗಳು. ಬಿಚ್ಚಿದವನು ಸರಿಯಾದ ಟಾರ್ಕ್ಸ್ ಬಿಟ್ ಹಾಕಿದ್ದನೋ, ಸಿಕ್ಕ ಡ್ರೈವರ್ ತುರುಕಿದ್ದನೋ ಅಂತ ಸ್ಕ್ರೂವಿನ ತಲೆ ನೋಡಿದರೆ ಗೊತ್ತಾಗುತ್ತದೆ. ಇವರು ಇಂಜಿನಿಯರು, ತಲೆಗಳು ಹೊಸದರಂತೆ ಇದ್ದವು. ಪಿವಟಿನ ಹತ್ತಿರ ಮಾತ್ರ ಸಣ್ಣ ಹಸಿರು ಗೆರೆ, ಒಳಗಿನ ಫಾಸ್ಫರ್ ಬ್ರಾಂಜ್ ವಾಷರು ನಮ್ಮ ಸಮುದ್ರದ ಗಾಳಿಗೆ ಬಣ್ಣ ಬಿಟ್ಟಿತ್ತು. ಅಲಗು ಡಮಾಸ್ಕಸ್, ಬೇರೆ ಬೇರೆ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ಅದರ ಗೆರೆಗಳು ಆಸಿಡ್ಡಿನಲ್ಲಿ ಎಬ್ಬಿಸಿದವು. ತುಕ್ಕು ಕಂಡಿತೆಂದು ಯಾರಾದರೂ ಬಫಿಂಗ್ ಚಕ್ರಕ್ಕೆ ಹಿಡಿದಿದ್ದರೆ ಗೆರೆ ಮಸುಕಾಗಿ, ಗ್ರೈಂಡಿನ ಚೂಪು ಅಂಚುಗಳು ದುಂಡಗಾಗಿ ಅರ್ಧ ಬೆಲೆ ಅಲ್ಲೇ ಹೋಗಿರುತ್ತದೆ. ಹಳೇ ಕಸ್ಟಮ್ ಚಾಕುವನ್ನು, ಅಂದರೆ ಮೇಕರ್ ಕೈಯಿಂದ ಮಾಡಿದ್ದನ್ನು, ಮಾರುವ ಮುಂಚೆ ಪಳಪಳ ಹೊಳೆಯಿಸಿ ತರುವವರನ್ನು ಕಂಡರೆ ನನಗೆ ಅಳು ಬರುತ್ತದೆ. ಇದರಲ್ಲಿ ಹಾಗೇನೂ ಆಗಿರಲಿಲ್ಲ. ಮಸೆದಿದ್ದರು, ಕಲ್ಲಿನ ಮೇಲೆ, ಸಾವಧಾನವಾಗಿ. ವರ್ನಿಯರ್ ಹಿಡಿದು ಮೇಕರಿನ ಕಾರ್ಡಿನಲ್ಲಿದ್ದ ಉದ್ದಕ್ಕೆ ತಾಳೆ ನೋಡಿದೆ. ತುದಿ ಮುರಿದು ಮತ್ತೆ ಚೂಪು ಮಾಡಿದ್ದರೆ ಮಿಲಿಮೀಟರುಗಳು ಕಡಿಮೆ ಬರುತ್ತವೆ. ಬರಲಿಲ್ಲ.

"ಪೊಲೀಸ್ ತಕರಾರು?" ಅಂದರು ಮಾಲಕರು, ವಾಚು ನೋಡುತ್ತ. ಆರ್ಮ್ಸ್ ರೂಲ್ಸಿನಲ್ಲಿ ಅಲಗು 9 ಇಂಚಿಗಿಂತ ಉದ್ದ, ಅಥವಾ 2 ಇಂಚಿಗಿಂತ ಅಗಲ ಇದ್ದರೆ ಲೈಸೆನ್ಸಿನ ಮಾತು ಬರುತ್ತದೆ. ಇದು ನಾಲ್ಕಿಂಚೂ ಇಲ್ಲ. ಬಟನ್ ಒತ್ತಿದರೆ ಹಾರುವ ಜಾತಿಯದೂ ಅಲ್ಲ. "ಏನೂ ಇಲ್ಲ ಸರ್" ಅಂದೆ, ಕಾನೂನು ನೋಡಿಕೊಂಡೇ ಕೂತಿದ್ದೇನೆ ಅನ್ನುವ ಗತ್ತಿನಲ್ಲಿ.

ಕೊನೆಗೆ ಹಿಡಿ. ಕಂದುಬಣ್ಣದ, ನಡುನಡುವೆ ನೀಲಿ-ಹಸಿರು ಛಾಯೆಯ ಹಿಡಿ. ಒಂದು ಸ್ಕ್ರೂವಿನ ಪಕ್ಕ ಕೂದಲಿನಷ್ಟು ಸೀಳು. ಕಾರ್ಡಿನಲ್ಲಿ ಮೇಕರ್ ಕೈಯಾರೆ ಬರೆದಿದ್ದ: ಮ್ಯಾಮತ್ ದಂತ. ಮ್ಯಾಮತ್ ಅಂದರೆ ಆನೆಯ ಅಳಿದುಹೋದ ನೆಂಟ. ಸೈಬೀರಿಯಾ, ಅಲಾಸ್ಕಾದ ಹೆಪ್ಪುಗಟ್ಟಿದ ನೆಲದಿಂದ ತೆಗೆಯುವ, ಸಾವಿರಾರು ವರ್ಷ ಹಳೆಯ ದಂತ. ಆನೆ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು 1989ರಲ್ಲಿ ಮುಚ್ಚಿದ ಮೇಲೆ ಚಾಕುವಿನ ಮೇಕರುಗಳ ಕೈಗೆ ಸಲೀಸಾಗಿ ಸಿಗುತ್ತಿದ್ದ ಮಾಲು ಇದು.

ಕಾರ್ಡನ್ನು ನಂಬಿ ಸುಮ್ಮನಿರುವವನಲ್ಲ ನಾನು. ಹಿಡಿಯ ತುದಿಯಲ್ಲಿ ಅಡ್ಡಕ್ಕೆ ಕೊಯ್ದ ಭಾಗ ಸ್ವಲ್ಪ ಕಾಣುತ್ತಿತ್ತು. ಐಗ್ಲಾಸ್, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಹಾಕಿದೆ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳಿರುತ್ತವೆ, ಶ್ರೇಗರ್ ಗೆರೆಗಳು ಅನ್ನುತ್ತಾರೆ. ಹೊರ ಅಂಚಿನ ಹತ್ತಿರ ಅವು ದಾಟುವ ಕೋನ ಮ್ಯಾಮತ್ತಿನಲ್ಲಿ ಸಾಮಾನ್ಯವಾಗಿ 90 ಡಿಗ್ರಿಗಿಂತ ಕಡಿಮೆ, ಈಗಿನ ಆನೆಗಳಲ್ಲಿ 115ಕ್ಕಿಂತ ಹೆಚ್ಚು. ಇಲ್ಲಿ ಕೋನ ಚೂಪಾಗಿತ್ತು. ಆನೆಯದಲ್ಲ! ಕಾಲೇಜಿನಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆ ಖುಷಿಯಲ್ಲೇ ಲೆಕ್ಕ ಹಾಕಿದೆ. ಇದೇ ಮೇಕರಿನ ಇದೇ ಮಾದರಿ, ಮಿಕಾರ್ಟಾ (ಬಟ್ಟೆ, ರಾಳ ಸೇರಿಸಿ ಒತ್ತಿ ಮಾಡಿದ್ದು) ಹಿಡಿಯದ್ದು, ನಿಜವಾಗಿ ಮಾರಾಟವಾದದ್ದು 1,300 ಡಾಲರ್ ಆಸುಪಾಸಿಗೆ. ಜೇಬಿನಲ್ಲಿಟ್ಟು ಬಳಸಿದ್ದು, ಮಸೆದದ್ದು, ಆ ಸೀಳು, ಎಲ್ಲ ಸೇರಿ 200 ಕಳೆದೆ. ಮ್ಯಾಮತ್ ಹಿಡಿಗೆ 300 ಸೇರಿಸಿದೆ. 1,400. ಡಾಲರಿಗೆ 84 ರೂಪಾಯಿ ಆಸುಪಾಸು ಇದ್ದ ದಿನಗಳು, ಅಂದರೆ 1,17,000 ದಾಟಿತು. ನಮ್ಮ ಲಾಭ, ಮಾರಾಟವಾಗದೆ ಕೂತರೆ ಆಗುವ ನಷ್ಟ, ಎರಡನ್ನೂ ಬಿಟ್ಟು 80,000 ಅಂತ ಚೀಟಿಯಲ್ಲಿ ಬರೆದು ಮಾಲಕರ ಕಡೆ ಸರಿಸಿದೆ. ಸಿಸ್ಟಮ್ 11,000 ಅಂದಿತ್ತು.

ಮಾಲಕರು ಒಮ್ಮೆ ನನ್ನ ಮುಖ, ಒಮ್ಮೆ ಗಡಿಯಾರ ನೋಡಿದರು. ಊಟದ ಎಲೆ ಹಾಕುವ ಹೊತ್ತಾಗಿತ್ತು. "ಆಯ್ತು ಕೊಡಿ" ಅಂದರು. ಸರ್ ಒಪ್ಪಿದರು. ಸ್ಕ್ರೀನ್‌ಶಾಟ್ ಒಂದು ಸಲ ತೋರಿಸಿದರು, ನಾನು ಅಡಿಕೆ ಟೆಂಡರಿನ ಕತೆ ಹೇಳಿದೆ, ನಕ್ಕು ಫೋನು ಒಳಗಿಟ್ಟರು. ಆಧಾರ್ ಪ್ರತಿ ತೆಗೆದುಕೊಂಡೆವು. ದುಡ್ಡು ಬ್ಯಾಂಕಿಗೆ ಹಾಕುವುದೆಂದಾಯಿತು.

ಆಮೇಲೆ ನಾನು ಬೆಂಗಳೂರಿನ ನಮ್ಮ ಖಾಯಂ ಸಂಗ್ರಾಹಕರಿಗೆ ಫೋನು ಮಾಡಿದೆ. ಗಮನಿಸಿ, ಆಮೇಲೆ. ಅವರು ಎತ್ತಲಿಲ್ಲ. ಫೋಟೋ ಕಳಿಸಿ ಬಿಲ್ ಹೊಡೆಯಲು ಕೂತೆ. ನಮ್ಮ ಪ್ರಿಂಟರು ಮಳೆಗಾಲದಲ್ಲಿ ಕಾಗದ ಎಳೆಯುವುದಿಲ್ಲ, ತೇವಕ್ಕೆ ಎರಡೆರಡು ಹಾಳೆ ಒಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಹೊಸದು ತನ್ನಿ ಅಂತ ಹೇಳಿ ಹೇಳಿ ಸಾಕಾಗಿತ್ತು. ಮುಚ್ಚಳ ತೆಗೆದು ಹರಿದ ಕಾಗದದ ಚೂರನ್ನು ಚಿಮಟದಲ್ಲಿ ಎಳೆಯುತ್ತಿದ್ದಾಗ ಅವರೇ ವಾಪಸ್ ಮಾಡಿದರು.

"ಹಿಡಿ ಯಾವುದು?"

"ಮ್ಯಾಮತ್ ಸರ್. ಗೆರೆ ನೋಡಿದೀನಿ, ಆನೆಯದಲ್ಲ."

"ತಗೊಂಡ್ರಾ?"

"ಬಿಲ್ ಆಗ್ತಾ ಇದೆ."

"ನಿಲ್ಲಿಸಿ. ಮೊದಲು ನಿಲ್ಲಿಸಿ, ಆಮೇಲೆ ಮಾತಾಡೋಣ."

ಚಿಮಟ ಕೈಯಲ್ಲೇ ಇತ್ತು. ಸರ್ ಎದುರಿಗೆ ಚಹಾ ಕುಡಿಯುತ್ತಿದ್ದಾರೆ. ಮಾಲಕರು ಮೊಬೈಲಿನಲ್ಲಿ ಅವರ ಅಕೌಂಟ್ ನಂಬರ್ ಒತ್ತುತ್ತಿದ್ದಾರೆ, ಒಂದೊಂದೇ ಅಂಕಿ, ಕನ್ನಡಕ ಮೂಗಿನ ತುದಿಗೆ. ಫೋನಿನಲ್ಲಿ ಈ ಮನುಷ್ಯ ಸಮಾಧಾನವಾಗಿ ಹೇಳುತ್ತಿದ್ದಾರೆ: ವನ್ಯಜೀವಿ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿ ಹೊರಗಿನಿಂದ ಬಂದ ದಂತದ ವ್ಯಾಪಾರವನ್ನೂ ಮುಚ್ಚಿತು, ಮ್ಯಾಮತ್ ಅಳಿದುಹೋದ ಪ್ರಾಣಿ, ನಮಗೆ ಇದು ತಾಗುವುದಿಲ್ಲ ಅಂತ ವ್ಯಾಪಾರಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು, 2003ರಲ್ಲಿ ಬಲರಾಮ್ ಕುಮಾವತ್ ಪ್ರಕರಣದಲ್ಲಿ ಕೋರ್ಟು, ಮ್ಯಾಮತ್ತಿನದೂ ದಂತವೇ, ಅದೂ ನಿಷೇಧದೊಳಗೇ ಬರುತ್ತದೆ ಅಂದಿತು. ಅಂದರೆ ನಾನು ಐಗ್ಲಾಸ್ ಹಾಕಿ ಬೇರೆ ಮಾಡಿದ ಎರಡು ದಂತಗಳೂ ನಮ್ಮ ಕೌಂಟರಿನ ಮಟ್ಟಿಗೆ ಒಂದೇ. ಆನೆಯದಲ್ಲ ಅಂತ ಸೇರಿಸಿದ್ದ ಆ 300 ಡಾಲರೇ ಇಡೀ ಚಾಕುವನ್ನು ಮುಳುಗಿಸುವಂಥದ್ದು.

"ಮಾಲಕರೇ" ಅಂದೆ. ಕೇಳಿಸಲಿಲ್ಲ. "ಮಾಲಕರೇ, ಒತ್ತಬೇಡಿ" ಅಂತ ಕೂಗಿದೆ. ಚಹಾ ಕುಡಿಯುತ್ತಿದ್ದ ಸರ್ ಕೂಡ ಲೋಟ ಹಿಡಿದೇ ನಿಂತರು.

ದುಡ್ಡು ಹೋಗಿರಲಿಲ್ಲ. ಓಟಿಪಿ ಬಂದು ಕೂತಿತ್ತು, ಅಷ್ಟೇ.

ವಿಷಯ ತಿಳಿಸಿದಾಗ ಸರ್ ಸಿಟ್ಟಾಗಲಿಲ್ಲ, ಲೆಕ್ಕಕ್ಕೆ ಕೂತರು. "ಅಮೆರಿಕದಲ್ಲಿ ಮಾರಿದ್ರೆ?" ಇಲ್ಲಿಂದ ಹೊರಗೆ ಕಳಿಸುವುದೂ ಅದೇ ದಂತದ ವ್ಯಾಪಾರ. ಅದೂ ಅಲ್ಲದೆ ಅಲ್ಲೇ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರು ಮ್ಯಾಮತ್ ದಂತದ ಮಾರಾಟಕ್ಕೂ ಬೀಗ ಹಾಕಿದ್ದಾರೆ. "ಹಿಡಿ ಬಿಚ್ಚಿಟ್ಟು ಉಳಿದದ್ದು ಕೊಟ್ರೆ?" ಇದು ಇಂಜಿನಿಯರ್ ಪ್ರಶ್ನೆ. ಅದಕ್ಕೂ ಬೆಲೆ ಕಟ್ಟಿದೆ. ಹಿಡಿ ಬದಲಾದ ಕಸ್ಟಮ್ ಚಾಕು ಅಂದರೆ ಕಾರ್ಡಿಗೂ ಮಾಲಿಗೂ ತಾಳೆ ಇಲ್ಲದ ಪೀಸು. ಮೇಕರೇ ಹೊಸ ಹಿಡಿ ಹಾಕಿಕೊಟ್ಟು ಬರೆದುಕೊಟ್ಟರೆ ಒಂದು ಮಾತು. ಅವನು ಹೊಸ ಆರ್ಡರನ್ನೇ ತೆಗೆದುಕೊಳ್ಳುತ್ತಿಲ್ಲ. ಊರಿನಲ್ಲಿ ಮರದ ಹಿಡಿ ಕೂರಿಸಿದರೆ ನಾನು ಕೊಡುವುದು 30,000, ಅದೂ ಅಲಗಿನ ಮೇಲಿನ ಆಸೆಗೆ. ಅವರು ಚಾಕು ಮಡಚಿ, ಚೀಲದ ಜಿಪ್ ಎಳೆದು, "ಹಾಗಾದ್ರೆ ಮನೇಲೇ ಇರ್ಲಿ ಬಿಡು" ಅಂದರು.

ಸಿಸ್ಟಮಿನಿಂದ ಆ ಬಿಲ್ ತೆಗೆಯಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅಡ್ಮಿನ್ ಅಂದರೆ ಮಾಲಕರ ಅಳಿಯ, ಅವನು ಪುಣೆಯಲ್ಲಿ. ಕೆಲವು ದಿನ ನಮ್ಮ ಸ್ಟಾಕಿನಲ್ಲಿ ಇಲ್ಲದ ಚಾಕುವೊಂದು ಅಡುಗೆ ಸಾಮಾನಿನ ಸಾಲಿನಲ್ಲಿ ಕೂತೇ ಇತ್ತು. ಮಾಲಕರು ಮದುವೆ ಊಟ ತಪ್ಪಿದ್ದಕ್ಕೆ ನನ್ನನ್ನು ಬೈದರು, 80,000 ಉಳಿದದ್ದಕ್ಕೆ ಪ್ರಿಂಟರನ್ನು ಹೊಗಳಿದರು. ಹೊಸ ಪ್ರಿಂಟರಿನ ಮಾತು ಅಲ್ಲಿಗೆ ಮುಗಿಯಿತು.

ಈಗ ನಾನು ಲಾಕ್ ನೋಡುವ ಮುಂಚೆ ಹಿಡಿ ನೋಡುತ್ತೇನೆ. ಟೈಟಾನಿಯಂ, ಮಿಕಾರ್ಟಾ, ಮರ ಇದ್ದರೆ ಮುಂದಿನ ಮಾತು. ದಂತ, ಜಿಂಕೆ ಕೊಂಬು, ಆಮೆ ಚಿಪ್ಪು ಅಂತ ಅನುಮಾನ ಬಂದರೂ ಚೀಲ ವಾಪಸ್. ಮತ್ತೆ, ಕೊಳ್ಳುವವನಿಗೆ ಫೋನು ಮಾಡದೆ ಚೀಟಿಯಲ್ಲಿ ಅಂಕಿ ಬರೆಯುವುದಿಲ್ಲ, ಎಲೆ ಹಾಕಿದ್ದರೂ ಸರಿ. ಕೈಕೆಲಸದ ಒಂಟಿ ಪೀಸಿಗೆ ಕೊಳ್ಳುವವರು ದೇಶದಲ್ಲಿ ಬೆರಳೆಣಿಕೆಯಷ್ಟು, ಅವರಲ್ಲಿ ಇಬ್ಬರು ಬೇಡ ಅಂದರೆ ಬೆಲೆ ಅಲ್ಲಿಗೇ ಮುಗಿಯಿತು.

ದೀಪಾವಳಿ ಕಳೆದು ಅದೇ ಸರ್ ಮತ್ತೆ ಬಂದರು, ಈ ಸಲ ಸೆಬೆಂಜಾ ತಂದಿದ್ದರು. ಕ್ರಿಸ್ ರೀವ್ ಕಂಪನಿಯದು, ಹಿಡಿಯೆಲ್ಲ ಟೈಟಾನಿಯಂ, ಹಿಡಿಯ ಒಂದು ಭಾಗವೇ ಲಾಕಿನ ಕೆಲಸ ಮಾಡುವಂಥದ್ದು. ಕಸ್ಟಮ್ ಅಲ್ಲ, ಆದರೆ ಇಂಥದ್ದು ಜಗತ್ತಿನಲ್ಲಿ ಅದೆಷ್ಟು ಮಾರಾಟವಾಗಿದೆ ಅಂದರೆ ಬೆಲೆಗೆ ತಲೆ ಕೆಡಿಸಿಕೊಳ್ಳುವ ಕೆಲಸವೇ ಇಲ್ಲ. ಡಬ್ಬಿ ಇತ್ತು, ತಯಾರಾದ ತಾರೀಕು ಬರೆದ ಕಾರ್ಡಿತ್ತು. ಕ್ಲಿಪ್ಪಿನ ಕೆಳಗೆ ಟೈಟಾನಿಯಂ ಮೇಲೆ ಗೀರು, ಅಷ್ಟೇ. ಹೊಸದರ ಮುಕ್ಕಾಲು ಬೆಲೆಗೆ ಹೋಗುತ್ತದೆ ಅಂದೆ. ನೌಕಾಪಡೆಯ ಒಬ್ಬ ಆಫೀಸರಿಗೆ ಫೋಟೋ ಕಳಿಸಿದೆ, ಸಂಜೆಗೇ ಬಂದು ತೆಗೆದುಕೊಂಡರು. ಆ ಆಫೀಸರರ ಬಿಲ್ಲಿನಲ್ಲಿ 'ಅಡುಗೆ ಸಾಮಾನು, 1 ನಗ' ಅಂತ ಬಂದಿದ್ದನ್ನು ನೋಡಿ, ತಿದ್ದಿಸಿಕೊಡುತ್ತೇನೆ ಸರ್ ಅಂದೆ. "ಬೇಡ ಬೇಡ, ಹೀಗೇ ಇರ್ಲಿ. ಮನೆಯವಳಿಗೆ ತೋರಿಸ್ಲಿಕ್ಕೆ ಇದೇ ಒಳ್ಳೇದು" ಅಂತ ಮಡಚಿ ಜೇಬಿಗಿಟ್ಟುಕೊಂಡರು.