ಹಳೇ ಡೆಸ್ಕ್‌ಟಾಪಿಗೆ ನಾಲ್ಕು ಕೋರ್

ಕುಮಟಾ, 13 ಜುಲೈ 2025, ಭಾನುವಾರ

ಇವತ್ತು ಪ್ರೊಸೆಸರ್ ಬದಲಾಯಿಸಿ ಆಯ್ತು. ಪೆಂಟಿಯಂ ಜಿ620 ಹೊರಗೆ, ಕೋರ್ ಐ5-3470 ಒಳಗೆ. ನಮ್ಮನೆ ಡೆಸ್ಕ್‌ಟಾಪ್ 2011ರದ್ದು, ಎಚ್61 ಮದರ್‌ಬೋರ್ಡ್. ಗುಜರಿಗೆ ಹಾಕಿ ಹೊಸದು ತಗೋ ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ಬೋರ್ಡ್ ಚೆನ್ನಾಗಿದೆ, ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿದ್ದೇನೆ, 8 ಜಿಬಿ ರ‍್ಯಾಮ್ ಇದೆ. ಸಾಲದೆ ಬರುತ್ತಿದ್ದದ್ದು ಪೆಂಟಿಯಂನ ಎರಡು ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗ) ಮಾತ್ರ. ನಿಮ್ಮದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿ, ಪ್ರೊಸೆಸರ್ ಮಾತು ಆಮೇಲೆ.

ನನಗೆ ಬೇಕಾದದ್ದು ವಿಡಿಯೋ ಕೆಲಸಕ್ಕೆ. ನಮ್ಮ ಕಡೆ ಮಳೆಗಾಲ ಅಂದರೆ ತಾಳಮದ್ದಲೆ. ಬಯಲಾಟ ನಿಂತಿರುತ್ತದೆ, ಅಲ್ಲಿ ಇಲ್ಲಿ ಕೂಟ ನಡೆಯುತ್ತಲೇ ಇರುತ್ತದೆ, ಅಪ್ಪಯ್ಯ ಅರ್ಥ ಹೇಳುವ ಕೂಟಗಳನ್ನೆಲ್ಲ ನಾನು ರೆಕಾರ್ಡ್ ಮಾಡಿ ಇಡುತ್ತೇನೆ. ಎಡಿಟ್ ಮಾಡಿ ರೆಂಡರ್‌ಗೆ, ಅಂದರೆ ಪೂರ್ತಿ ವಿಡಿಯೋ ಫೈಲ್ ಆಗೋಕೆ, ಹಾಕಿದರೆ ಪೆಂಟಿಯಂನ ಎರಡೂ ಕೋರ್ ನೂರಕ್ಕೆ ನೂರು. ಬ್ರೌಸರ್ ತೆರೆಯೋಕೂ ಆಗುತ್ತಿರಲಿಲ್ಲ. ರಾತ್ರಿ ಹಾಕಿ ಮಲಗಬೇಕು, ನಡುರಾತ್ರಿ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಈ ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಲ್‌ಜಿಎ 1155. ಅದರಲ್ಲಿ ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರ್ ಬಿಟ್ಟು ಬೇರೆ ಕೂರುವುದಿಲ್ಲ. ಐ5-3470 ಬಂದದ್ದು 2012ರಲ್ಲಿ, ಈಗ ಸೆಕೆಂಡ್ ಹ್ಯಾಂಡೇ ಗತಿ. ನಾಲ್ಕು ಕೋರ್, 3.2 ಗಿಗಾಹರ್ಟ್ಸ್, ಕೆಲಸ ಜಾಸ್ತಿ ಆದಾಗ ತಾನೇ ವೇಗ ಏರಿಸಿಕೊಳ್ಳುವ ಟರ್ಬೋದಲ್ಲಿ 3.6. ಕೊಳ್ಳುವಾಗ ನಂಬರಿನ ಕೊನೆಯ ಅಕ್ಷರ ನೋಡಿಯೇ ದುಡ್ಡು ಕೊಡಿ. 3470 ಆದಮೇಲೆ 'ಟಿ' ಇದ್ದರೆ ಅದರಲ್ಲಿ ಎರಡೇ ಕೋರ್. ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆ ಕೆತ್ತಿರುತ್ತದೆ, ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಒರೆಸಿ ಓದಿಕೊಳ್ಳಬೇಕು.

ಇಡೀ ಕೆಲಸದಲ್ಲಿ ನನಗೆ ಭಯ ಇದ್ದದ್ದು ಬಯೋಸ್ ಅಪ್‌ಡೇಟಿಗೆ. ಬಯೋಸ್ ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪುಟ್ಟ ಸಾಫ್ಟ್‌ವೇರ್. ನಮ್ಮ ಬೋರ್ಡಿನಲ್ಲಿದ್ದದ್ದು 2011ರ ಬಯೋಸ್. ಮೂರನೇ ತಲೆಮಾರಿನ ಪ್ರೊಸೆಸರ್ ಅದಕ್ಕೆ ಗುರುತೇ ಸಿಗುವುದಿಲ್ಲ, ಸುಮ್ನೆ ತಂದು ಕೂರಿಸಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪಗೇ ಇರುತ್ತದೆ. ಅದಕ್ಕೆ ಹಳೇ ಪೆಂಟಿಯಂ ಇರುವಾಗಲೇ ಬಯೋಸ್ ಹೊಸದು ಮಾಡಿಕೊಳ್ಳಬೇಕು. ಬೋರ್ಡ್ ಕಂಪನಿಯ ಸೈಟಿನಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಅಂತ ಪಟ್ಟಿ ಇರುತ್ತದೆ, ಬೋರ್ಡಿನ ಮೇಲಿನ ರಿವಿಷನ್ ನಂಬರ್ ಸಮೇತ ತಾಳೆ ನೋಡಿ. ಹೊಸ ಬಯೋಸ್ ಬೋರ್ಡಿಗೆ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ. ಜುಲೈ ತಿಂಗಳ ಕುಮಟಾದಲ್ಲಿ ಕರೆಂಟನ್ನು ಯಾರು ನಂಬುತ್ತಾರೆ ಹೇಳಿ? ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ, ಆಮೇಲೆ ಪೆನ್‌ಡ್ರೈವ್ ಹಾಕಿದೆ. ಪರ್ಸೆಂಟ್ ಪಟ್ಟಿ ಅರ್ಧ ದಾಟುತ್ತಿದ್ದಂತೆ ಅಪ್ಪಯ್ಯ ಜಗುಲಿಯಿಂದ ಕೂಗಿದರು, "ತಮಾ, ಮಳೆ ಜೋರಾತು, ಕರೆಂಟ್ ಹೋಗ್ತು ನೋಡು." ಹೋಗಲಿಲ್ಲ. ರೀಸ್ಟಾರ್ಟ್ ಆಗಿ ಬಯೋಸಿನಲ್ಲಿ ಹೊಸ ತಾರೀಕು ಕಂಡಾಗ ಜೀವ ಬಂತು.

ಉಳಿದದ್ದು ಕೈಕೆಲಸ. ಕೂಲರ್ ಎತ್ತಿದರೆ ಹಳೇ ಥರ್ಮಲ್ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಒಣಗಿ ಉದುರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ. ಈ ಸಾಕೆಟ್ಟಿನಲ್ಲಿ ಪಿನ್ ಇರುವುದು ಬೋರ್ಡಿನಲ್ಲಿ, ಕೂದಲಿನಷ್ಟು ಸಣ್ಣವು, ಒಂದು ಬಾಗಿದರೂ ಕಥೆ ಮುಗಿಯಿತು. ಹಾಗಾಗಿ ಅಲ್ಲಿ ಬೆರಳು, ಬಟ್ಟೆ ಏನೂ ತಾಗಿಸಬಾರದು. ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಮತ್ತು ಅಂಚಿನ ಎರಡು ಕಚ್ಚು ಹೊಂದಿಸಿ ಪ್ರೊಸೆಸರ್ ಇಟ್ಟರೆ ತಾನಾಗೇ ಕೂರುತ್ತದೆ, ಒತ್ತೋದು ಬೇಡ. ಲಿವರ್ ಇಳಿಸುವಾಗ ಮಾತ್ರ ಕಿರ್ ಅಂತ ಗಟ್ಟಿಯಾಗಿ ಇಳಿಯುತ್ತದೆ, ಅದು ಸರಿ, ಹೆದರಬೇಡಿ. ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್, ಮೇಲೆ ಕೂಲರ್, ಅದರ ನಾಲ್ಕು ಕಾಲನ್ನು ಎದುರುಬದುರು ಮೂಲೆಯಿಂದ ಟಕ್ ಅನ್ನುವವರೆಗೆ ಒತ್ತಬೇಕು. ಒಂದು ಕಾಲು ಸಡಿಲ ಇದ್ದರೂ ಬಿಸಿ ಏರುತ್ತದೆ.

ಬಿಚ್ಚಿದ್ದೇ ಬಿಚ್ಚಿದ್ದು ಅಂತ ರ‍್ಯಾಮ್ ತೆಗೆದು ಅದರ ಅಂಚಿನ ಚಿನ್ನದ ಬಣ್ಣದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ಕಡಲ ಗಾಳಿಗೆ ಇಲ್ಲಿ ಎಲ್ಲದಕ್ಕೂ ಕಿಲುಬು ಹಿಡಿಯುತ್ತದೆ ಅಲ್ವಾ. ಪವರ್ ಸಪ್ಲೈ ಪಕ್ಕದಲ್ಲಿ ಹಲ್ಲಿ ಮೊಟ್ಟೆ ಎರಡು ಸಿಕ್ಕಿದವು, ಹೊರಗೆ ಇಟ್ಟೆ.

ಆನ್ ಮಾಡಿದಾಗ ಐ5 ಅಂತ ತೋರಿಸಿತು. ಮಧ್ಯಾಹ್ನ ಕಳೆದ ವಾರದ ಕೂಟದ ವಿಡಿಯೋ ಹಾಕಿದೆ. ಹಳೇ ಪೆಂಟಿಯಂನಲ್ಲಿ ಇಲ್ಲದ ಕ್ವಿಕ್ ಸಿಂಕ್ ಇದರಲ್ಲಿದೆ, ವಿಡಿಯೋ ಎನ್‌ಕೋಡ್ ಮಾಡೋಕೆ ಅಂತಲೇ ಚಿಪ್‌ನಲ್ಲಿ ಬೇರೆ ಭಾಗ. ಅಪ್ಪಯ್ಯ ಊಟ ಮಾಡಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಫೈಲ್ ತಯಾರು. ಅವರಿಗೆ ನಂಬಿಕೆಯೇ ಬರಲಿಲ್ಲ, ಕೊನೆಯ ಮಂಗಳ ಪದ್ಯದವರೆಗೂ ಓಡಿಸಿ ನೋಡಿದರು.

ಹೊಸ ಪ್ರೊಸೆಸರ್ 77 ವ್ಯಾಟ್, ಹಳೆಯದು 65, ಅಂದರೆ ಬಿಸಿ ಸ್ವಲ್ಪ ಜಾಸ್ತಿ. ಕ್ಯಾಬಿನೆಟ್ ಹಿಂದೆ ಒಂದು ಫ್ಯಾನ್ ಬೇಕು, ಹುಬ್ಬಳ್ಳಿಗೆ ಹೋದಾಗ ತರುತ್ತೇನೆ. ವಿಂಡೋಸ್ 11 ಈ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ, 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಲಿನಕ್ಸ್ ಮಿಂಟ್ ಹಾಕಿ, ಅಪ್ಪಯ್ಯನಿಗೆ ಫೋಲ್ಡರ್ ಎಲ್ಲಿದೆ ಅಂತ ತೋರಿಸಿಕೊಡಬೇಕು.